ಪ್ಯಾನೆಲ್ ಹಾಗೇ ಇದ್ದರೂ ಸಿನಿಮಾ ಯಾಕೆ ಬೇರೆ ಅನ್ನಿಸುತ್ತದೆ?

ಪ್ರಶ್ನೆ: ಕಾಲೇಜು ದಿನಗಳಿಂದ ನಾನು ಕಾಮಿಕ್ಸ್ ಓದುತ್ತಿದ್ದೇನೆ. ‘ವಾಚ್‌ಮೆನ್’ ನನಗೆ ತುಂಬಾ ಇಷ್ಟದ ಪುಸ್ತಕ. ಅದರ ಸಿನಿಮಾದಲ್ಲಿ ಎಷ್ಟೋ ದೃಶ್ಯಗಳು ಪುಸ್ತಕದ ಪ್ಯಾನೆಲ್‌ಗಳ (ಪುಟದ ಚಿತ್ರ ಚೌಕಗಳ) ಹಾಗೇ ಇವೆ, ಮಾತುಗಳೂ ಅವೇ. ಆದರೂ ಓದುವಾಗ ಆದ ಅನುಭವ ನೋಡುವಾಗ ಆಗಲಿಲ್ಲ. ‘ಸ್ಪೈಡರ್-ಮ್ಯಾನ್: ಇಂಟು ದ ಸ್ಪೈಡರ್-ವರ್ಸ್’ ಯಾವ ಒಂದು ಪುಸ್ತಕವನ್ನೂ ಹಾಗೇ ಹಿಂಬಾಲಿಸಿಲ್ಲ. ಆದರೆ ಅದನ್ನು ನೋಡುವಾಗ ಕಾಮಿಕ್ಸ್ ಓದಿದ ಹಾಗೇ ಆಯಿತು. ಇದು ಬರೀ ನನ್ನ ಅಭಿಮಾನದ ತೊಂದರೆಯಾ? ‘ಪುಸ್ತಕ ಬೇರೆ, ಸಿನಿಮಾ ಬೇರೆ, ಹೋಲಿಸಬೇಡ’ ಎಂದು ಸ್ನೇಹಿತರು ಹೇಳುತ್ತಾರೆ. ಇನ್ನೊಂದು ವಿಷಯ: ಪಿಯುಸಿ ಓದುತ್ತಿರುವ ನನ್ನ ತಮ್ಮನಿಗೂ ಈಗ ಆಸೆ ಹುಟ್ಟಿದೆ. ಅವನಿಗೆ ಮೊದಲು ಪುಸ್ತಕ ಕೊಡಲಾ, ಸಿನಿಮಾ ತೋರಿಸಲಾ?

ಉತ್ತರ: ನಿಮಗೆ ಅನ್ನಿಸಿದ್ದು ಸರಿ, ಅದಕ್ಕೆ ಕಾರಣವೂ ಇದೆ. ಕಾಮಿಕ್ಸ್‌ನಲ್ಲಿ ಸಮಯ ಓದುವವರ ಕೈಯಲ್ಲಿರುತ್ತದೆ. ಒಂದು ಪ್ಯಾನೆಲ್ ಮೇಲೆ ಎಷ್ಟು ಹೊತ್ತು ನಿಲ್ಲಬೇಕು, ಯಾವಾಗ ಹಿಂದಕ್ಕೆ ಹೋಗಿ ನೋಡಬೇಕು, ಯಾವಾಗ ಪುಟ ತಿರುಗಿಸಬೇಕು, ಎಲ್ಲ ನಿಮ್ಮ ಇಷ್ಟ. ಒಳ್ಳೆಯ ಚಿತ್ರಕಾರರು ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಪುಟ ಕಟ್ಟುತ್ತಾರೆ. ಸಿನಿಮಾದಲ್ಲಿ ಹಾಗಿಲ್ಲ. ಅಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ, ನಾವು ಅದರ ಜೊತೆ ಓಡಬೇಕು. ಹಾಗಾಗಿ ಪ್ಯಾನೆಲ್‌ನಲ್ಲಿದ್ದ ಚಿತ್ರವನ್ನು ಪರದೆಗೆ ತಂದರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಆ ಪುಟದಲ್ಲಿ ಸಮಯ ಏನು ಮಾಡುತ್ತಿತ್ತು ಎಂದು ನಿರ್ದೇಶಕರು ಹುಡುಕಬೇಕು. ಆಮೇಲೆ ಅದೇ ಕೆಲಸವನ್ನು ಕ್ಯಾಮೆರಾ, ಎಡಿಟಿಂಗ್, ಸದ್ದು, ನಟನೆಯಿಂದ ಮಾಡಿಸಬೇಕು. ‘ವಾಚ್‌ಮೆನ್’ ಸಿನಿಮಾ ಹೆಚ್ಚಿನ ಕಡೆ ಚಿತ್ರವನ್ನು ತಂದು ಅಲ್ಲಿಗೇ ನಿಂತಿತು. ‘ಸ್ಪೈಡರ್-ವರ್ಸ್’ ಮುಂದಿನ ಹೆಜ್ಜೆಯನ್ನೂ ಇಟ್ಟಿತು.

ನಿಮ್ಮ ಪುಸ್ತಕದಿಂದಲೇ ಶುರು ಮಾಡೋಣ. ‘ವಾಚ್‌ಮೆನ್’ ಎಂಬ ಈ ಸೂಪರ್‌ಹೀರೋ ಕಥೆ 1986-87ರಲ್ಲಿ 12 ಸಂಚಿಕೆಗಳಾಗಿ ಬಂತು. ಬರೆದವರು ಅಲನ್ ಮೂರ್, ಚಿತ್ರ ಡೇವ್ ಗಿಬ್ಬನ್ಸ್, ಬಣ್ಣ ಜಾನ್ ಹಿಗಿನ್ಸ್. ಪುಟಕ್ಕೆ ಒಂಬತ್ತು ಪ್ಯಾನೆಲ್, ಮೂರು ಸಾಲು, ಸಾಲಿಗೆ ಮೂರು. ಇಡೀ ಪುಸ್ತಕದ ಬೆನ್ನೆಲುಬು ಇದೇ. ನಾಲ್ಕನೇ ಸಂಚಿಕೆ ತೆಗೆದು ನೋಡಿ. ಅತಿಮಾನುಷ ಶಕ್ತಿಯ ಡಾಕ್ಟರ್ ಮ್ಯಾನ್‌ಹ್ಯಾಟನ್ ಮಂಗಳ ಗ್ರಹದಲ್ಲಿ ಒಂದು ಹಳೇ ಫೋಟೋ ಹಿಡಿದು ನಿಂತಿದ್ದಾನೆ. ಅವನಿಗೆ ಹಿಂದೆ ಆದದ್ದು, ಈಗ ಆಗುತ್ತಿರುವುದು, ಮುಂದೆ ಆಗುವುದು ಎಲ್ಲ ಒಟ್ಟಿಗೇ ಇದೆ. ಒಂದು ಪ್ಯಾನೆಲ್‌ನಲ್ಲಿ ಫೋಟೋ ಅವನ ಕೈಯಲ್ಲಿದೆ. ಇನ್ನೊಂದರಲ್ಲಿ ಅದು ಆಗಲೇ ಮರಳಿನ ಮೇಲೆ ಬಿದ್ದಿದೆ. ಮತ್ತೊಂದು ಅವನ ಹುಡುಗಾಟದ ದಿನಗಳಿಗೆ ಹೋಗುತ್ತದೆ, ಅಪ್ಪ ಗಡಿಯಾರ ರಿಪೇರಿ ಮಾಡುವವನು. ಈಗ ಪುಟವನ್ನು ಸ್ವಲ್ಪ ದೂರ ಹಿಡಿದು ನೋಡಿ. ಒಂಬತ್ತು ಕ್ಷಣಗಳೂ ನಿಮ್ಮ ಕಣ್ಣ ಮುಂದೆ ಒಂದೇ ಸಲ ಇವೆ! ಅವನಿಗೆ ಜಗತ್ತು ಹೇಗೆ ಕಾಣುತ್ತದೋ ನಿಮಗೂ ಹಾಗೇ ಕಾಣುತ್ತಿದೆ. ಅವನ ಒಂಟಿತನ ಏನೆಂದು ಯಾರೂ ನಿಮಗೆ ವಿವರಿಸಬೇಕಾಗಿಲ್ಲ.

ಝ್ಯಾಕ್ ಸ್ನೈಡರ್ ಅವರ 2009ರ ಸಿನಿಮಾದಲ್ಲಿ ಈ ಭಾಗ ಇದೆ, ಚೆನ್ನಾಗಿಯೂ ಇದೆ. ಫಿಲಿಪ್ ಗ್ಲಾಸ್ ಅವರ ಸಂಗೀತ, ಮೇಲೆ ಮೆಲ್ಲಗಿನ ದನಿಯ ನಿರೂಪಣೆ. ನನ್ನ ಮಟ್ಟಿಗೆ ಆ ಸಿನಿಮಾದ ಅತ್ಯುತ್ತಮ ಭಾಗಗಳಲ್ಲಿ ಇದೂ ಒಂದು. ಆದರೆ ಅಲ್ಲಿ ಒಂದು ದೃಶ್ಯ ಬಂದಾಗ ಹಿಂದಿನದು ಹೋಗಿಬಿಡುತ್ತದೆ. ನಮಗೆ ಸಿಗುವುದು ಅವನ ನೆನಪುಗಳ ಸಾಲು, ಅಂದರೆ ಎಲ್ಲ ಸಿನಿಮಾಗಳಲ್ಲೂ ಬರುವ ಫ್ಲ್ಯಾಶ್‌ಬ್ಯಾಕ್. ಚಿತ್ರ, ಮಾತು ಯಾವುದೂ ಬದಲಾಗಲಿಲ್ಲ. ಎಲ್ಲ ಒಟ್ಟಿಗೇ ಇರುವುದು ಮಾತ್ರ ತಪ್ಪಿಹೋಯಿತು. ನಿಮಗೆ ಕೊರತೆ ಅನ್ನಿಸಿದ್ದು ಅದೇ ಇರಬೇಕು.

ಐದನೇ ಸಂಚಿಕೆಯಲ್ಲಿ ಇದು ಇನ್ನೂ ಸ್ಪಷ್ಟ. ಅದರ ಪುಟ ಜೋಡಣೆ ಪೂರ್ತಿ ಕನ್ನಡಿಯ ಹಾಗೆ ಇದೆ. ಮೊದಲ ಪುಟದ ಪ್ರತಿಬಿಂಬ ಕೊನೆಯ ಪುಟದಲ್ಲಿ, ಎರಡನೆಯದರದ್ದು ಅದಕ್ಕೂ ಹಿಂದಿನದರಲ್ಲಿ, ಹೀಗೇ ನಡುವಿಗೆ ಬಂದು 14-15ನೇ ಪುಟ ಎದುರುಬದುರಾಗಿ ತೆರೆದುಕೊಳ್ಳುತ್ತವೆ. ಪುಸ್ತಕ ಕೈಯಲ್ಲಿದ್ದರೆ ಮಾತ್ರ ಇದನ್ನು ಕಂಡುಹಿಡಿಯಲು ಆಗುತ್ತದೆ, ಹಿಂದೆ ಮುಂದೆ ಪುಟ ತಿರುಗಿಸಿ. ಥಿಯೇಟರ್‌ನಲ್ಲಿ ಕೂತವರು ಏನು ತಿರುಗಿಸುತ್ತಾರೆ?

ಹಾಗೇ ಪುಸ್ತಕದೊಳಗಿನ ಕಡಲುಗಳ್ಳರ ಕಥೆ. ಪೇಪರ್ ಅಂಗಡಿಯ ಪಕ್ಕ ಕೂತು ಒಬ್ಬ ಹುಡುಗ ಕಾಮಿಕ್ಸ್ ಓದುತ್ತಿರುತ್ತಾನೆ. ಅವನು ಓದುವ ಸಾಲುಗಳು ಅಂಗಡಿಯವನ ಮಾತಿನ ಮೇಲೆ, ಬೀದಿಯ ಜನರ ಚಿತ್ರದ ಮೇಲೆ ಬಂದು ಕೂರುತ್ತವೆ. ಒಂದೇ ಪ್ಯಾನೆಲ್‌ನಲ್ಲಿ ಎರಡು ಕಥೆ, ಒಂದಕ್ಕೆ ಇನ್ನೊಂದು ಅರ್ಥ ಕೊಡುತ್ತಾ ಹೋಗುತ್ತದೆ. ಥಿಯೇಟರ್‌ಗೆ ಬಂದ ಸಿನಿಮಾದಲ್ಲಿ ಇದನ್ನು ಬಿಟ್ಟರು. ಆಮೇಲೆ ಬಂದ ಉದ್ದದ ಆವೃತ್ತಿಯಲ್ಲಿ ಅನಿಮೇಷನ್ ಮಾಡಿ ನಡುನಡುವೆ ಸೇರಿಸಿದರು. ಆಗ ಅದು ಕಥೆಗೆ ಅಡ್ಡ ಬರುವ ತುಂಡುಗಳಾಯಿತು. ಪುಸ್ತಕದಲ್ಲಿ ಹೆಣೆದುಕೊಂಡಿದ್ದು ಪರದೆಯ ಮೇಲೆ ಸರದಿಯಲ್ಲಿ ನಿಂತಿತು.

ಈ ಸಿನಿಮಾದ ಬಗ್ಗೆ ಇನ್ನೊಂದು ಮಾತು. ಶುರುವಿನ ಟೈಟಲ್ ಭಾಗ ನೆನಪಿದೆಯಾ? ಬಾಬ್ ಡಿಲನ್ ಹಾಡು, ಅದರ ಮೇಲೆ ಹೆಚ್ಚುಕಡಿಮೆ ಸ್ತಬ್ಧಚಿತ್ರಗಳಂತೆ ನಿಂತ ದೃಶ್ಯಗಳು, 1940ರಿಂದ ಈಚೆಗಿನ ವೇಷಧಾರಿಗಳ ಇತಿಹಾಸ ಪೂರ್ತಿ ಕೆಲವೇ ನಿಮಿಷದಲ್ಲಿ. ಪುಸ್ತಕದಲ್ಲಿ ಈ ರೂಪದಲ್ಲಿ ಎಲ್ಲೂ ಇಲ್ಲ. ಆದರೆ ಇಡೀ ಸಿನಿಮಾದಲ್ಲಿ ಪುಸ್ತಕದ ಗುಣಕ್ಕೆ ತೀರಾ ಹತ್ತಿರ ಬಂದದ್ದು ಇದೇ ಎಂದು ನಾನು ಯಾವತ್ತೂ ಹೇಳುತ್ತೇನೆ. ದೃಶ್ಯ ಅಲ್ಲಾಡದೆ ನಿಂತಾಗ ನಾವು ಮೂಲೆಮೂಲೆ ನೋಡುತ್ತೇವೆ, ಹಿನ್ನೆಲೆಯಲ್ಲಿ ಇಟ್ಟಿರುವ ಸುಳಿವು ಹುಡುಕುತ್ತೇವೆ. ಪ್ಯಾನೆಲ್ ಓದುವ ಕೆಲಸವೇ ಅದು. ಅದೇ ನಿರ್ದೇಶಕರು ಓಣಿಯ ಹೊಡೆದಾಟದಲ್ಲಿ ಮೂಳೆ ಮುರಿಯುವುದನ್ನು ಹತ್ತಿರದಿಂದ ತೋರಿಸಿದಾಗ ನಮಗೆ ಮಾಡಲು ಏನೂ ಉಳಿಯಲಿಲ್ಲ. ಗಿಬ್ಬನ್ಸ್ ಅವರ ಪುಟದಲ್ಲಿ ಆ ಹೊಡೆದಾಟ ಟಿವಿ ಸಂದರ್ಶನವೊಂದರ ಜೊತೆ ಪ್ಯಾನೆಲ್ ಬಿಟ್ಟು ಪ್ಯಾನೆಲ್ ಬರುತ್ತದೆ. ಎರಡು ಏಟಿನ ನಡುವೆ ಆದದ್ದನ್ನು ನಾವೇ ತುಂಬಿಕೊಳ್ಳುತ್ತೇವೆ.

ಎರಡು ಪ್ಯಾನೆಲ್‌ಗಳ ನಡುವಿನ ಆ ಖಾಲಿ ಬಿಳಿ ಪಟ್ಟಿಗೆ ಕಾಮಿಕ್ಸ್‌ನವರು ಗಟರ್ ಎನ್ನುತ್ತಾರೆ. ಒಬ್ಬ ಕೊಡಲಿ ಎತ್ತಿದ್ದಾನೆ, ಮುಂದಿನ ಪ್ಯಾನೆಲ್‌ನಲ್ಲಿ ಊರಿನ ಮೇಲೆ ಒಂದು ಕಿರುಚಾಟ. ಕೊಲೆ ಎಲ್ಲಿ ಆಯಿತು? ಗಟರ್‌ನಲ್ಲಿ, ಓದುಗರ ತಲೆಯಲ್ಲಿ. ಕಾಮಿಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ಪುಸ್ತಕ ಬರೆದ ಸ್ಕಾಟ್ ಮೆಕ್‌ಕ್ಲೌಡ್ 1993ರಲ್ಲಿ ಕೊಟ್ಟ ಈ ಉದಾಹರಣೆಗಿಂತ ಒಳ್ಳೆಯದು ನನಗೆ ಇವತ್ತಿಗೂ ಸಿಕ್ಕಿಲ್ಲ.

ಹಾಗಾದರೆ ಪ್ಯಾನೆಲ್‌ಗಳನ್ನೇ ಪರದೆಯ ಮೇಲೆ ಇಟ್ಟುಬಿಟ್ಟರೆ? ಆಂಗ್ ಲೀ 2003ರ ‘ಹಲ್ಕ್’ನಲ್ಲಿ ಅದನ್ನೇ ಮಾಡಿ ನೋಡಿದರು. ಪರದೆ ಎರಡು ಮೂರು ಚೌಕಗಳಾಗಿ ಒಡೆಯುತ್ತದೆ, ಚೌಕಗಳು ಜಾರುತ್ತವೆ, ಒಂದರ ಮೇಲೊಂದು ಬರುತ್ತವೆ. ಧೈರ್ಯದ ಕೆಲಸ, ಅದಕ್ಕೆ ಅವರ ಮೇಲೆ ನನಗೆ ಗೌರವ ಇದೆ. ಆದರೆ ಅನುಭವ ಉಲ್ಟಾ ಆಯಿತು. ಪುಟದಲ್ಲಿ ಪ್ಯಾನೆಲ್‌ಗಳು ನಮಗಾಗಿ ಕಾಯುತ್ತವೆ. ಪರದೆಯಲ್ಲಿ ಎಲ್ಲ ಚೌಕಗಳೂ ಒಟ್ಟಿಗೇ ಚಲಿಸುತ್ತವೆ, ಯಾವುದನ್ನು ನೋಡಲಿ ಎಂದು ಕಣ್ಣಿಗೆ ಗಾಬರಿ.

ಈಗ ಕೆಲಸ ಚೆನ್ನಾಗಿ ಆದ ಒಂದು ದೃಶ್ಯ ನೋಡೋಣ. 1966ರ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 33ನೇ ಸಂಚಿಕೆ, ಕಥೆ ಕಟ್ಟಿ ಚಿತ್ರ ಬರೆದವರು ಸ್ಟೀವ್ ಡಿಟ್ಕೋ, ಮಾತು ಸ್ಟ್ಯಾನ್ ಲೀ. ಪೀಟರ್, ಅಂದರೆ ಸ್ಪೈಡರ್-ಮ್ಯಾನ್, ಭಾರಿ ಯಂತ್ರದಡಿ ಸಿಕ್ಕಿಬಿದ್ದಿದ್ದಾನೆ. ಮೇಲಿಂದ ನೀರು ಸೋರುತ್ತಿದೆ. ಆಸ್ಪತ್ರೆಯಲ್ಲಿರುವ ಮೇ ಆಂಟಿಗೆ ಬೇಕಾದ ಔಷಧ ಕಣ್ಣೆದುರೇ ಇದೆ, ಕೈಗೆ ಸಿಗುತ್ತಿಲ್ಲ. ಒಬ್ಬ ಮನುಷ್ಯ ಭಾರ ಎತ್ತುವುದಕ್ಕೆ ಡಿಟ್ಕೋ ಪುಟದ ಮೇಲೆ ಪುಟ ಕೊಡುತ್ತಾರೆ! ಮೊದಲು ಪ್ಯಾನೆಲ್‌ಗಳು ಚಿಕ್ಕವು, ಒತ್ತೊತ್ತಾಗಿವೆ, ಯಂತ್ರ ಮೇಲಿಂದ ಅಮುಕುತ್ತಿದೆ. ಅವನು ಬಲ ಹಾಕಿದ ಹಾಗೆ ಪ್ಯಾನೆಲ್ ದೊಡ್ಡದಾಗುತ್ತಾ ಹೋಗುತ್ತದೆ. ಪುಟ ತಿರುಗಿಸುತ್ತೀರಿ. ಇಡೀ ಪುಟಕ್ಕೆ ಒಂದೇ ಚಿತ್ರ, ಯಂತ್ರ ಅವನ ತಲೆಯ ಮೇಲೆ! ಆ ಪುಟ ತಿರುಗಿಸಿದ್ದು ನಿಮ್ಮ ಕೈ. ಭಾರ ಎತ್ತುವುದರಲ್ಲಿ ನಿಮ್ಮದೂ ಒಂದು ಪಾಲು ಇರುತ್ತದೆ.

2017ರ ‘ಸ್ಪೈಡರ್-ಮ್ಯಾನ್: ಹೋಮ್‌ಕಮಿಂಗ್’ ಸಿನಿಮಾದಲ್ಲಿ ನಿರ್ದೇಶಕ ಜಾನ್ ವಾಟ್ಸ್ ಇದೇ ದೃಶ್ಯ ತೆಗೆದುಕೊಂಡರು. ಪರದೆಯ ಅಳತೆ ಬದಲಾಗುವುದಿಲ್ಲ, ತಿರುಗಿಸಲು ಪುಟವೂ ಇಲ್ಲ. ಅವರು ಹಿಡಿದದ್ದು ದನಿಯನ್ನು. ಸಿಮೆಂಟಿನ ರಾಶಿಯಡಿ ಸಿಕ್ಕ ಹುಡುಗ ಮೊದಲು ಅಳುತ್ತಾನೆ, ಯಾರಾದರೂ ಬನ್ನಿ ಎಂದು ಕೂಗುತ್ತಾನೆ. ಟಾಮ್ ಹಾಲೆಂಡ್ ಅವರ ದನಿ ಅಲ್ಲಿ ಚಿಕ್ಕ ಹುಡುಗನ ದನಿಯಾಗಿಬಿಡುತ್ತದೆ. ಯಾರೂ ಬರುವುದಿಲ್ಲ. ಆಮೇಲೆ ನೀರಿನಲ್ಲಿ ತನ್ನ ಅರ್ಧ ಮುಖ, ಅರ್ಧ ಮುಖವಾಡ ಸೇರಿ ಒಂದಾಗಿ ಕಾಣುತ್ತದೆ. ಅಲ್ಲಿಂದ ಅವನು ತನ್ನನ್ನೇ ಸ್ಪೈಡರ್-ಮ್ಯಾನ್ ಎಂದು ಕರೆದುಕೊಂಡು ಹುರಿದುಂಬಿಸುತ್ತಾನೆ. ಡಿಟ್ಕೋ ಕಥೆಯಲ್ಲಿ ಅವನು ಎತ್ತುವುದು ಮೇ ಆಂಟಿಗಾಗಿ. ಇಲ್ಲಿ ಟೋನಿ ಸ್ಟಾರ್ಕ್ (ಐರನ್ ಮ್ಯಾನ್) ಕೊಟ್ಟ ಸೂಟ್ ಇಲ್ಲದೆಯೂ ತಾನು ಯಾರು ಎಂದು ತಿಳಿದುಕೊಳ್ಳಲು. ಕಾರಣ ಬೇರೆಯಾಯಿತು, ಆದರೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗುವ ಆ ಏರಿಕೆ ಉಳಿಯಿತು. ಪ್ಯಾನೆಲ್ ಮಾಡಿದ್ದನ್ನು ಇಲ್ಲಿ ನಟನ ದನಿ ಮಾಡಿತು. ನನಗೆ ಔಷಧದ ಕಾರಣವೇ ಹೆಚ್ಚು ಇಷ್ಟ, ಅದು ಬೇರೆ ಮಾತು.

ಇನ್ನು ನಿಮ್ಮ ‘ಸ್ಪೈಡರ್-ವರ್ಸ್’. ಅದರಲ್ಲಿ ಸ್ಪೈಡರ್-ಮ್ಯಾನ್ ಆಗುವ ಹುಡುಗ ಮೈಲ್ಸ್ ಮೊರಾಲೆಸ್ 2011ರಲ್ಲಿ ಬ್ರಯನ್ ಮೈಕಲ್ ಬೆಂಡಿಸ್ ಮತ್ತು ಸಾರಾ ಪಿಕೆಲ್ಲಿ ಸೃಷ್ಟಿಸಿದ ಪಾತ್ರ. 2018ರ ಈ ಸಿನಿಮಾ ಆ ಪುಸ್ತಕಗಳಿಂದ ಹುಡುಗನನ್ನು ತೆಗೆದುಕೊಂಡಿತು, ಕಥೆಯನ್ನು ತನ್ನದೇ ಮಾಡಿಕೊಂಡಿತು. ಕಾಮಿಕ್ಸ್ ಅನ್ನಿಸಲು ಹಳೇ ಅಚ್ಚಿನಂಥ ಚುಕ್ಕಿಗಳು, ಮಾತಿನ ಚೌಕಗಳು ಮಾತ್ರ ಕಾರಣ ಎಂದುಕೊಳ್ಳಬೇಡಿ. ಅವೂ ಇವೆ, ಅವು ಎಲ್ಲರಿಗೂ ಕಾಣುತ್ತವೆ. ದೊಡ್ಡ ಕಾರಣ ಸಮಯದಲ್ಲಿದೆ. ಕಂಪ್ಯೂಟರ್ ಅನಿಮೇಷನ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಫ್ರೇಮ್‌ಗೂ ಪಾತ್ರದ ಭಂಗಿ ಬದಲಾಗುತ್ತದೆ. ಇಲ್ಲಿ ಎಷ್ಟೋ ಕಡೆ ಒಂದೇ ಭಂಗಿಯನ್ನು ಎರಡು ಫ್ರೇಮ್ ಹಿಡಿದಿದ್ದಾರೆ, ಅಂದರೆ ಸೆಕೆಂಡಿಗೆ 12 ಭಂಗಿ. ಚಲನೆಯನ್ನು ಮಸುಕು ಮಾಡುವ ಮೋಷನ್ ಬ್ಲರ್ ಕೂಡ ಹಾಕಿಲ್ಲ. ಹಾಗಾಗಿ ಪ್ರತಿ ಭಂಗಿಯೂ ಒಂದು ಚಿತ್ರವಾಗಿ ಕಣ್ಣಿಗೆ ಬೀಳುತ್ತದೆ. ನಡುವಿನದನ್ನು ನಮ್ಮ ಕಣ್ಣು ತುಂಬಿಕೊಳ್ಳುತ್ತದೆ. ಗಟರ್ ಮಾಡುತ್ತಿದ್ದ ಕೆಲಸ ಇದೇ ಅಲ್ವಾ?

ಅದರಲ್ಲೂ ಕಾಡಿನ ದೃಶ್ಯವನ್ನು ಮತ್ತೊಮ್ಮೆ ನೋಡಿ. ಪಳಗಿದ ಸ್ಪೈಡರ್-ಮ್ಯಾನ್ ಪೀಟರ್ ಬಲೆ ಬಿಟ್ಟು ನಯವಾಗಿ ತೂಗಾಡುತ್ತಾನೆ, ಅವನ ಭಂಗಿ ಪ್ರತಿ ಫ್ರೇಮ್‌ಗೂ ಬದಲಾಗುತ್ತದೆ. ಪಕ್ಕದಲ್ಲಿ ಮೈಲ್ಸ್‌ನದು ಎರಡು ಫ್ರೇಮ್‌ಗೊಮ್ಮೆ. ಒಂದೇ ಶಾಟ್‌ನಲ್ಲಿ ಇಬ್ಬರಿಗೆ ಎರಡು ಸಮಯ. ಹುಡುಗ ಇನ್ನೂ ಕಲಿಯುತ್ತಿದ್ದಾನೆ, ತಡವರಿಸುತ್ತಿದ್ದಾನೆ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಿಲ್ಲ. ಅವನಿಗೆ ಕೆಲಸ ಹಿಡಿತಕ್ಕೆ ಬಂದ ಹಾಗೆ ಚಲನೆಯೂ ನಯವಾಗುತ್ತದೆ. ಆಮೇಲೆ ಆ ಎತ್ತರದ ಕಟ್ಟಡದಿಂದ ಹಾರುವ ಕ್ಷಣ. ಹೆದರಿಕೆಗೆ ಅವನ ಬೆರಳು ಗಾಜಿಗೆ ಅಂಟಿಕೊಂಡಿದೆ, ಹಾರಿದಾಗ ಗಾಜೂ ಒಡೆದು ಜೊತೆಗೆ ಬರುತ್ತದೆ. ಕ್ಯಾಮೆರಾ ತಲೆಕೆಳಗಾಗಿದೆ, ಊರು ಮೇಲೆ ಇದೆ, ಬೀಳುತ್ತಿರುವವನು ಏರುತ್ತಿರುವ ಹಾಗೆ ಕಾಣುತ್ತದೆ. ಒಂದೇ ಚಿತ್ರ ತುಂಬಿದ ದೊಡ್ಡ ಸ್ಪ್ಲಾಶ್ ಪುಟ ನೋಡಿದಾಗ ಆಗುವ ಮೈ ಜುಮ್ ಅನುಭವ ನನಗೆ ಥಿಯೇಟರ್‌ನಲ್ಲಿ ಆದದ್ದು ಅಲ್ಲೇ. ಬಾಬ್ ಪರ್ಸಿಕೆಟಿ, ಪೀಟರ್ ರ‍್ಯಾಮ್ಸಿ, ರಾಡ್ನಿ ರಾಥ್‌ಮನ್ ಈ ಮೂವರ ಸಿನಿಮಾಗೆ ಬಂದ ಆಸ್ಕರ್ ನ್ಯಾಯವಾಗಿಯೇ ಬಂತು. ಅದರ ಮುಂದಿನ ಭಾಗ 2023ರಲ್ಲಿ ಕನ್ನಡದಲ್ಲೂ ಬಂತು. ನಿಮ್ಮ ತಮ್ಮನಿಗೆ ತೋರಿಸುವಾಗ ಅದೂ ನೆನಪಿರಲಿ.

ಬದಲಾವಣೆ ಮಾಡಿದರೆ ತಪ್ಪಾ ಎಂಬ ವಿಷಯಕ್ಕೆ ಬರೋಣ. ಇದಕ್ಕೆ ನನಗೆ ತಿಳಿದಿರುವ ಅತ್ಯುತ್ತಮ ಉದಾಹರಣೆ ಜಪಾನಿನದು. ಕತ್ಸುಹಿರೊ ಒಟೊಮೊ ‘ಅಕಿರಾ’ ಮಾಂಗಾವನ್ನು (ಜಪಾನಿ ಕಾಮಿಕ್ಸ್) 1982ರಿಂದ 1990ರವರೆಗೆ ಬರೆದರು, ಆರು ಸಂಪುಟ, 2000ಕ್ಕೂ ಹೆಚ್ಚು ಪುಟ. ಅದು ಮುಗಿಯುವ ಮೊದಲೇ, 1988ರಲ್ಲಿ, ಸಿನಿಮಾವನ್ನು ತಾವೇ ನಿರ್ದೇಶಿಸಿದರು. ಪುಸ್ತಕದಲ್ಲಿ ಅಕಿರಾ ಜೀವಂತ ಹುಡುಗ, ಅರ್ಧ ಕಥೆ ಅವನ ಸುತ್ತಲೇ ಇದೆ. ಸಿನಿಮಾದಲ್ಲಿ ಅವನಿಂದ ಉಳಿದಿರುವುದು ಗಾಜಿನ ಜಾಡಿಗಳಲ್ಲಿಟ್ಟ ಅವಶೇಷ ಮಾತ್ರ. ಕಥೆಗೆ ಹೆಸರು ಕೊಟ್ಟವನನ್ನೇ ತೆಗೆದುಹಾಕಿದರು! ಬೇರೆ ಯಾರಾದರೂ ಹೀಗೆ ಮಾಡಿದ್ದರೆ ನಾವು ಅಭಿಮಾನಿಗಳು ಸುಮ್ನೆ ಬಿಡುತ್ತಿರಲಿಲ್ಲ. ಆದರೆ ಎರಡು ಗಂಟೆಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಒಟೊಮೊಗೆ ಗೊತ್ತಿತ್ತು. ಅವರು ಕನೇಡ ಮತ್ತು ತೆತ್ಸುವೊ ಇಬ್ಬರ ಸ್ನೇಹ, ಜಿದ್ದು ಇಟ್ಟುಕೊಂಡರು. ಊರು ಕುಸಿಯುವ ಆ ದೊಡ್ಡ ಅಳತೆಯನ್ನೂ ಇಟ್ಟುಕೊಂಡರು. ಉಳಿದದ್ದನ್ನು ಪುಸ್ತಕಕ್ಕೇ ಬಿಟ್ಟರು. ‘ಪರ್ಸೆಪೊಲಿಸ್’ ಬರೆದ ಮಾರ್ಜಾನೆ ಸತ್ರಪಿಯೂ 2007ರಲ್ಲಿ ವಿನ್ಸೆಂಟ್ ಪರೊನೊ ಜೊತೆ ತಮ್ಮ ಪುಸ್ತಕವನ್ನು ತಾವೇ ಸಿನಿಮಾ ಮಾಡಿದರು. ನಟರನ್ನಿಟ್ಟು ಮಾಡದೆ ಕೈಯಲ್ಲಿ ಬರೆದ ಕಪ್ಪು ಬಿಳುಪು ಗೆರೆಯನ್ನೇ ಉಳಿಸಿಕೊಂಡರು. ಆ ಗೆರೆಯಲ್ಲಿ ಟೆಹರಾನಿನ ಹುಡುಗಿ ಎಲ್ಲ ದೇಶದವರಿಗೂ ನಮ್ಮವಳು ಅನ್ನಿಸುತ್ತಾಳೆ.

ಬಟ್ಟೆ, ಬಣ್ಣದ ಜಗಳಗಳು ನನಗೆ ಅಷ್ಟು ದೊಡ್ಡದಲ್ಲ. 1962ರ ಮೊದಲ ಸಂಚಿಕೆಯಲ್ಲಿ ಹಲ್ಕ್ ಬೂದು ಬಣ್ಣದವನು. ಅಚ್ಚಿನಲ್ಲಿ ಆ ಬೂದು ಸರಿಯಾಗಿ, ಒಂದೇ ಸಮನಾಗಿ ಬರಲಿಲ್ಲ, ಅದಕ್ಕೇ ಹಸಿರು ಮಾಡಿದರು. ಇವತ್ತು ನಾವು ಮೂಲ ಎಂದು ಹಿಡಿದುಕೊಂಡಿರುವ ಎಷ್ಟೋ ವಿಷಯ ಆಗಿನ ಅಗ್ಗದ ಕಾಗದ, ಶಾಯಿಯ ಮಿತಿಯಿಂದ ಹುಟ್ಟಿದ್ದು. 2000ದ ‘ಎಕ್ಸ್-ಮೆನ್’ನಲ್ಲಿ ಕಪ್ಪು ಚರ್ಮದ ಬಟ್ಟೆ ನೋಡಿ ಸಿಟ್ಟಾದವರು ವುಲ್ವರಿನ್ ಪಾತ್ರದ ಹ್ಯೂ ಜ್ಯಾಕ್‌ಮನ್ ಪುಸ್ತಕದ ಹಳದಿ ಬಟ್ಟೆ ಹಾಕಲು 2024ರವರೆಗೆ ಕಾದರು. ಸಂತೋಷವೇ. ಆದರೆ ಅದಕ್ಕೂ ಮೊದಲೇ, 2017ರ ‘ಲೋಗನ್’ನಲ್ಲಿ, ಬಣ್ಣದ ಬಟ್ಟೆಯೇ ಇಲ್ಲದೆ ಅವರು ಪುಸ್ತಕದ ವುಲ್ವರಿನ್‌ಗೆ ತೀರಾ ಹತ್ತಿರ ಬಂದಿದ್ದರು.

ಒಂದು ವಿಷಯದಲ್ಲಿ ಮಾರ್ವೆಲ್ ಸಿನಿಮಾಗಳಿಗೆ ಪೂರ್ತಿ ಅಂಕ ಕೊಡಲೇಬೇಕು. 1991ರ ‘ಇನ್ಫಿನಿಟಿ ಗಾಂಟ್ಲೆಟ್’ನಲ್ಲಿ ಖಳನಾಯಕ ಥಾನೋಸ್ ಚಿಟಿಕೆ ಹೊಡೆದು ವಿಶ್ವದ ಅರ್ಧ ಜೀವಿಗಳನ್ನು ಅಳಿಸುವುದು ಮೊದಲ ಸಂಚಿಕೆಯಲ್ಲೇ. ಅಲ್ಲಿ ಅವನಿಗೆ ಸಾವು ಎಂಬ ಹೆಣ್ಣನ್ನು ಒಲಿಸಿಕೊಳ್ಳಬೇಕು. 2018ರ ‘ಇನ್ಫಿನಿಟಿ ವಾರ್’ ಈ ಕಾರಣವನ್ನು ಬಿಟ್ಟು, ಚಿಟಿಕೆಯನ್ನು ಕೊನೆಗೆ ತಳ್ಳಿತು. ಆಮೇಲೆ ನಮ್ಮನ್ನು 2019ರ ಏಪ್ರಿಲ್‌ವರೆಗೆ ಕಾಯಿಸಿತು. ಆ ಒಂದು ವರ್ಷ ಎಷ್ಟು ವಾದ, ಎಷ್ಟು ಊಹೆ! ತಿಂಗಳಿಗೊಂದು ಸಂಚಿಕೆ ಓದುವವರಿಗೆ ಈ ಕಾಯುವಿಕೆ ಮೊದಲಿಂದಲೂ ಗೊತ್ತು. ಎರಡು ಸಂಚಿಕೆಗಳ ನಡುವೆ ಕಥೆ ಓದುಗರ ತಲೆಯಲ್ಲಿ ಮುಂದುವರಿಯುತ್ತದೆ. ಕಾಮಿಕ್ಸ್ ಓದದೇ ಇದ್ದವರಿಗೂ ಆ ಸುಖ ಸಿಕ್ಕಿದ್ದು ಆಗಲೇ.

ಹಾಗಾಗಿ ನಿಮ್ಮ ಸ್ನೇಹಿತರ ಮಾತನ್ನು ನಾನು ಒಪ್ಪುವುದಿಲ್ಲ. ಹೋಲಿಸಿ, ಧಾರಾಳವಾಗಿ ಹೋಲಿಸಿ. ‘ಅದು ಇದೆಯಾ, ಇದು ಇದೆಯಾ’ ಎಂದು ಪಟ್ಟಿ ಹಿಡಿದು ಹೋಲಿಸಿದರೆ ಜಾಸ್ತಿ ಏನೂ ಸಿಗುವುದಿಲ್ಲ. ಪುಟದಲ್ಲಿ ನನ್ನನ್ನು ಇಲ್ಲಿ ನಿಲ್ಲಿಸಿದ್ದು ಏನು, ಸಿನಿಮಾ ಅದಕ್ಕೆ ಬದಲಾಗಿ ಏನು ಕೊಟ್ಟಿತು ಎಂದು ಕೇಳಿಕೊಳ್ಳಿ. ಆಗ ಎರಡೂ ಇನ್ನಷ್ಟು ಚೆನ್ನಾಗಿ ಕಾಣುತ್ತವೆ.

ತಮ್ಮನ ವಿಷಯ. ಎಲ್ಲದಕ್ಕೂ ಒಂದೇ ಕ್ರಮ ಇಲ್ಲ. ‘ಸ್ಪೈಡರ್-ವರ್ಸ್’ ಮೊದಲು ತೋರಿಸಿ, ಆಮೇಲೆ ಬೆಂಡಿಸ್-ಪಿಕೆಲ್ಲಿ ಪುಸ್ತಕ ಕೊಡಿ. ಡಿಟ್ಕೋ ಅವರ 31ರಿಂದ 33ನೇ ಸಂಚಿಕೆಗಳನ್ನು ಮಾತ್ರ ‘ಹೋಮ್‌ಕಮಿಂಗ್’ಗಿಂತ ಮೊದಲು ಓದಲಿ, ಆ ಪುಟ ತಿರುಗಿಸುವ ಸುಖ ಏನು ಬರುತ್ತದೆ ಎಂದು ಗೊತ್ತಿಲ್ಲದೇ ಸಿಗಬೇಕು. ‘ಅಕಿರಾ’ದಲ್ಲಿ ಹಿಂಸೆ ಜಾಸ್ತಿ, ಪಿಯುಸಿ ಮುಗಿದ ಮೇಲಾಗಲಿ. ಯಾವುದು ಮೊದಲಾದರೂ ನಡೆಯುತ್ತದೆ, ಎರಡೂ ಬೇರೆ ಬೇರೆ ಕಥೆಯೇ. ‘ವಾಚ್‌ಮೆನ್’ ದೊಡ್ಡವರ ಪುಸ್ತಕ. ಅವನು ಒಂದೆರಡು ವರ್ಷ ಬೇರೆ ಸೂಪರ್‌ಹೀರೋ ಕಥೆಗಳನ್ನು ಓದಿರಲಿ, ಆಗಲೇ ಅದು ಯಾವುದನ್ನು ಒಡೆದು ನೋಡುತ್ತಿದೆ ಎಂದು ತಿಳಿಯುತ್ತದೆ. ಅಲ್ಲಿ ಯಾವತ್ತಿದ್ದರೂ ಪುಸ್ತಕ ಮೊದಲು.

ಅವನು ಫೋನ್ ಅಥವಾ ಟ್ಯಾಬ್‌ನಲ್ಲಿ ಓದುವವನಾದರೆ ಒಂದು ಕೆಲಸ ಮಾಡಿ. ಎಷ್ಟೋ ಆ್ಯಪ್‌ಗಳಲ್ಲಿ ಒಂದೊಂದೇ ಪ್ಯಾನೆಲ್ ದೊಡ್ಡದಾಗಿ ತೋರಿಸುವ ವ್ಯವಸ್ಥೆ ಇರುತ್ತದೆ. ಚಿಕ್ಕ ಪರದೆಯಲ್ಲಿ ಅದು ಅನುಕೂಲ ಅನ್ನಿಸುತ್ತದೆ, ಆದರೆ ಪುಟ ಕಾಣುವುದೇ ಇಲ್ಲ. ಡಿಟ್ಕೋ ಪ್ಯಾನೆಲ್ ದೊಡ್ಡದಾಗುವುದೂ ತಿಳಿಯುವುದಿಲ್ಲ, ಮ್ಯಾನ್‌ಹ್ಯಾಟನ್‌ನ ಒಂಬತ್ತು ಕ್ಷಣವೂ ಒಟ್ಟಿಗೆ ಸಿಗುವುದಿಲ್ಲ. ಅದನ್ನು ಆಫ್ ಮಾಡಿ, ಪೂರ್ತಿ ಪುಟ ಕಾಣುವ ಹಾಗೆ ಇಟ್ಟುಕೊಡಿ. ಅಕ್ಷರ ಚಿಕ್ಕದಾದರೆ ಬೇಕಾದಲ್ಲಿ ಮಾತ್ರ ಜೂಮ್ ಮಾಡಿಕೊಳ್ಳಲಿ. ಆದರೆ ಡಿಟ್ಕೋ ಸಂಚಿಕೆಗಳನ್ನಾದರೂ ಅಚ್ಚಾದ ಪುಸ್ತಕದಲ್ಲೇ ಕೊಡಿಸಿ.